ಕಮಟು ವಾಸನೆಯಿಂದ ಅನಾನಸ್ ಪರಿಮಳಕ್ಕೆ: ಸ್ಮಾಲ್ ಬ್ಯಾಚ್ ರಮ್ ಹೇಗೆ ತಯಾರಾಗುತ್ತದೆ?

ಪ್ರಶ್ನೆ: ವಿದೇಶದಲ್ಲಿರುವ ನನ್ನ ತಮ್ಮ ಊರಿಗೆ ಬರುವಾಗ ಒಂದು ಬಾಟಲಿ ಜಮೈಕಾ ರಮ್ ತಂದಿದ್ದ. ಲೇಬಲ್ ಮೇಲೆ ‘ಸ್ಮಾಲ್ ಬ್ಯಾಚ್’, ‘ಪಾಟ್ ಸ್ಟಿಲ್’ ಅಂತ ಇತ್ತು. ಬೆಲೆ ನಮ್ಮಲ್ಲಿ ಸಿಗುವ ರಮ್‌ಗಿಂತ ಎಷ್ಟೋ ಪಟ್ಟು ಜಾಸ್ತಿ. ಮುಚ್ಚಳ ತೆಗೆದರೆ ಮಾಗಿದ ಅನಾನಸ್, ಕಳಿತ ಬಾಳೆಹಣ್ಣು, ಜೊತೆಗೆ ಸ್ವಲ್ಪ ನೇಲ್ ಪಾಲಿಶ್ ಥರದ ವಾಸನೆ. ಇದಕ್ಕೆ ಹಣ್ಣಿನ ಎಸೆನ್ಸ್ ಹಾಕುತ್ತಾರಾ? ಇಂಥ ರಮ್ ನಿಜಕ್ಕೂ ಹೇಗೆ ಮಾಡುತ್ತಾರೆ? ನಮ್ಮ ಮಂಡ್ಯದ ಬೆಲ್ಲದಿಂದ ಮನೆಯಲ್ಲಿ ಮಾಡಬಹುದಾ?

ಉತ್ತರ: ಮೊದಲು ನಿಮ್ಮ ಅನುಮಾನ ಪರಿಹರಿಸುತ್ತೇನೆ. ಎಸೆನ್ಸ್ ಹಾಕಿರುವುದಿಲ್ಲ. ಅದರಲ್ಲಿ ಅನಾನಸ್ಸೂ ಇಲ್ಲ, ಬಾಳೆಹಣ್ಣೂ ಇಲ್ಲ. ಕಾಕಂಬಿ, ನೀರು, ಗಾಳಿಯಲ್ಲೇ ಇರುವ ಯೀಸ್ಟ್, ಬ್ಯಾಕ್ಟೀರಿಯಾ, ಮತ್ತೆ ತುಂಬಾ ಸಮಯ, ಇಷ್ಟರಿಂದಲೇ ಆ ಪರಿಮಳ ಬರುತ್ತದೆ. ಆದರೆ ಆ ಹಣ್ಣಿನ ಘಮ ಬರುವ ಮೊದಲು ಒಂದು ಹಂತ ಇದೆ. ಆಗ ತೊಟ್ಟಿಯ ಹತ್ತಿರ ನಿಲ್ಲುವುದೂ ಕಷ್ಟ, ಅಷ್ಟು ಕೆಟ್ಟ ವಾಸನೆ.

ಆ ವಾಸನೆಯ ಪರಿಚಯ ನನಗೆ ಆಗಿದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ. ಕಾಕಂಬಿಯಿಂದ ಮದ್ಯಸಾರ ತೆಗೆಯುವ ಒಂದು ಡಿಸ್ಟಿಲರಿಯಲ್ಲಿದ್ದೆ. ಒಂದು ಸೋಮವಾರ ಬೆಳಿಗ್ಗೆ ಹುಳಿಯುವ ತೊಟ್ಟಿಯ ಮುಚ್ಚಳ ತೆಗೆದೆ. ಸಾಮಾನ್ಯವಾಗಿ ಅಲ್ಲಿ ಹುಳಿ ಬಂದ ದೋಸೆ ಹಿಟ್ಟಿನ ವಾಸನೆ ಇರುತ್ತದೆ. ಅವತ್ತು ಮೂಗಿಗೆ ಬಡಿದದ್ದು ಕಮಟು ತುಪ್ಪದ ವಾಸನೆ. ಅದರ ಹಿಂದೆಯೇ ಮಗು ಕಕ್ಕಿದ ಹಾಲಿನ ವಾಸನೆ. ಶನಿವಾರ ರಾತ್ರಿ ಕರೆಂಟ್ ಹೋಗಿ ಕೂಲಿಂಗ್ ನಿಂತಿತ್ತು. ತೊಟ್ಟಿ ಕಾದು ಯೀಸ್ಟ್ ಸೋತಿತ್ತು, ಬ್ಯಾಕ್ಟೀರಿಯಾ ಗೆದ್ದಿತ್ತು. ಆ ವಾಸನೆ ಬ್ಯುಟಿರಿಕ್ ಆಮ್ಲದ್ದು. ಇಡೀ ತೊಟ್ಟಿ ತ್ಯಾಜ್ಯದ ಪಾಲಾಯಿತು. ನನಗೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಎಷ್ಟೋ ವರ್ಷಗಳ ನಂತರ ಒಬ್ಬ ಹಿರಿಯರು ಒಂದು ಜಮೈಕಾ ರಮ್ ಮೂಸಲು ಕೊಟ್ಟರು. ಹಣ್ಣಿನಂಗಡಿಯೇ ಮುಂದೆ ಬಂದ ಹಾಗಾಯಿತು. ಇದು ಎಥೈಲ್ ಬ್ಯುಟಿರೇಟ್ ಅಂದರು ಅವರು. ಅಂದರೆ ನಾವು ಕೆಟ್ಟುಹೋಯಿತು ಅಂತ ಚೆಲ್ಲಿದ ಅದೇ ಆಮ್ಲ, ಮದ್ಯಸಾರದ ಜೊತೆ ಸೇರಿ ಅನಾನಸ್ ಆಗಿತ್ತು. ನಾವು ಹೆದರುವ ಬ್ಯಾಕ್ಟೀರಿಯಾವನ್ನು ಅಲ್ಲಿ ಸಾಕಿ ಬೆಳೆಸುತ್ತಾರೆ. ನಿಮ್ಮ ಪ್ರಶ್ನೆಯ ಉತ್ತರವೆಲ್ಲ ಇದರ ಸುತ್ತಲೇ ಇದೆ.

ಮೊದಲು ಸಾಮಾನ್ಯ ರಮ್ ಹೇಗಾಗುತ್ತದೆ ನೋಡೋಣ. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ಹರಳು ತೆಗೆದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಅದರಲ್ಲಿ ಇನ್ನೂ ಅರ್ಧದಷ್ಟು ಸಕ್ಕರೆ ಇರುತ್ತದೆ. ನೀರು ಬೆರೆಸಿ ಯೀಸ್ಟ್ ಹಾಕಿದರೆ ಒಂದು ಒಂದೂವರೆ ದಿನದಲ್ಲಿ ಸಕ್ಕರೆಯೆಲ್ಲ ಮದ್ಯಸಾರವಾಗುತ್ತದೆ. ಎತ್ತರದ ಕಾಲಂ ಸ್ಟಿಲ್‌ನಲ್ಲಿ ಅದನ್ನು ಭಟ್ಟಿ ಇಳಿಸಿದರೆ ಶೇ. 96ರಷ್ಟು ಶುದ್ಧ ಸ್ಪಿರಿಟ್ ಬರುತ್ತದೆ. ಒಂದು ಟನ್ ಕಾಕಂಬಿಗೆ 220ರಿಂದ 250 ಲೀಟರ್ ಇಳುವರಿ. ಈ ಸ್ಪಿರಿಟ್‌ಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಅದಕ್ಕೆ ನೀರು, ಕ್ಯಾರಮೆಲ್ ಬಣ್ಣ, ಸ್ವಲ್ಪ ರುಚಿಯುಳ್ಳ ಸ್ಪಿರಿಟ್ ಬೆರೆಸಿದರೆ ಕಡಿಮೆ ಬೆಲೆಯ ರಮ್ ಸಿದ್ಧ. ಇದು ಮೋಸ ಅಲ್ಲ. ಅಗ್ಗವಾಗಿ, ಪ್ರತಿ ಸಲವೂ ಒಂದೇ ಥರ ಬರಬೇಕು ಅಂದರೆ ಇದೇ ದಾರಿ. ಆದರೆ ಆ ದಾರಿಯಲ್ಲಿ ಕಬ್ಬಿನ ನೆನಪು ಪೂರ್ತಿ ತೊಳೆದುಹೋಗಿರುತ್ತದೆ.

ಈಗ ಜಮೈಕಾಕ್ಕೆ ಹೋಗೋಣ. ದ್ವೀಪದ ವಾಯವ್ಯ ಭಾಗದಲ್ಲಿ ಟ್ರೆಲಾನಿ ಅಂತ ಒಂದು ಪ್ರದೇಶ. ಅಲ್ಲಿ ಹಾಂಪ್‌ಡೆನ್ ಎಸ್ಟೇಟ್ ಇದೆ. 1753ರಿಂದಲೂ ಇರುವ ಕಬ್ಬಿನ ತೋಟ. ಆ ಕಾಲದ ಎಲ್ಲ ಕೆರಿಬಿಯನ್ ತೋಟಗಳಂತೆ ಇದನ್ನೂ ಕಟ್ಟಿದ್ದು ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ಬೆವರು. ಜಮೈಕಾದಲ್ಲಿ ಅವರಿಗೆ ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ಈ ರಮ್‌ನ ವಿದ್ಯೆ ಬೆಳೆದದ್ದು ಆ ಜನರ ಕೈಯಲ್ಲಿ. ಲೇಬಲ್‌ಗಳ ಮೇಲೆ ಅವರ ಹೆಸರು ಇರುವುದಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಹಾಂಪ್‌ಡೆನ್‌ನಲ್ಲಿ ಪ್ಯಾಕೆಟ್ ಯೀಸ್ಟ್ ಬಳಸುವುದಿಲ್ಲ. ಹುಳಿಯುವ ತೊಟ್ಟಿಗಳು ಮರದವು, ಬಾಯಿ ತೆರೆದವು. ಮರದ ಸಂದುಗಳಲ್ಲಿ, ಗೋಡೆಗಳ ಮೇಲೆ, ಗಾಳಿಯಲ್ಲಿ ಇರುವ ಕಾಡು ಯೀಸ್ಟ್ ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ. ನಮ್ಮಲ್ಲಿ ಒಂದು ದಿನದಲ್ಲಿ ಮುಗಿಯುವ ಕೆಲಸಕ್ಕೆ ಅಲ್ಲಿ ಒಂದು ವಾರ, ಎರಡು ವಾರ ಹಿಡಿಯುತ್ತದೆ. ಮೊದಲ ಕೆಲವು ದಿನ ಯೀಸ್ಟ್ ಮದ್ಯಸಾರ ಮಾಡುತ್ತದೆ. ಆಮೇಲೆ ನೊರೆ ಇಳಿಯುತ್ತದೆ. ನಮ್ಮ ಕಡೆಯವರಾದರೆ ಅಷ್ಟೊತ್ತಿಗೆ ಭಟ್ಟಿಗೆ ಹಾಕಿಬಿಟ್ಟಿರುತ್ತಾರೆ. ಅವರು ಕಾಯುತ್ತಾರೆ. ಆಗ ಬ್ಯಾಕ್ಟೀರಿಯಾಗಳ ಸರದಿ. ಅವು ನಿಧಾನವಾಗಿ ಆಮ್ಲಗಳನ್ನು ಮಾಡುತ್ತವೆ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ, ಕಮಟು ಬೆಣ್ಣೆಯ ಬ್ಯುಟಿರಿಕ್ ಆಮ್ಲ, ಇನ್ನೂ ಎಷ್ಟೋ.

ಇದಕ್ಕೆ ಹೆಪ್ಪು ಬೇಕಲ್ವಾ? ಮೊಸರಿಗೆ ಹಿಂದಿನ ದಿನದ ಮೊಸರು ಹಾಕುತ್ತೇವೆ. ಇಲ್ಲಿ ಹೆಪ್ಪಿನ ಕೆಲಸಕ್ಕೆ ಎರಡು ಪದಾರ್ಥ ಇವೆ. ಒಂದು ‘ಡಂಡರ್’. ಹಿಂದಿನ ಸಲ ಭಟ್ಟಿ ಇಳಿಸಿದ ಮೇಲೆ ಹಂಡೆಯಲ್ಲಿ ಉಳಿದ ಹುಳಿ ನೀರು ಅದು. ಕುದಿದು ಬಂದದ್ದರಿಂದ ಅದರಲ್ಲಿ ಜೀವಾಣು ಇರುವುದಿಲ್ಲ, ಆಮ್ಲ ಮತ್ತು ಪೋಷಕಾಂಶ ಇರುತ್ತವೆ. ನಮ್ಮ ಡಿಸ್ಟಿಲರಿಗಳಲ್ಲಿ ಇದನ್ನೇ ಸ್ಪೆಂಟ್ ವಾಶ್ ಅನ್ನುತ್ತೇವೆ. ಅದನ್ನು ಎಲ್ಲಿ ಹಾಕುವುದು ಅನ್ನುವುದೇ ನಮಗೆ ದೊಡ್ಡ ತಲೆನೋವು. ಜಮೈಕಾದಲ್ಲಿ ಅದನ್ನು ಮುಂದಿನ ತೊಟ್ಟಿಗೆ ಹಾಕುತ್ತಾರೆ. ತೊಟ್ಟಿ ಮೊದಲ ದಿನದಿಂದಲೇ ಹುಳಿಯಾಗಿರುತ್ತದೆ. ಅಷ್ಟು ಹುಳಿಯಲ್ಲಿ ಮಾಮೂಲಿ ಯೀಸ್ಟ್ ಸುಸ್ತಾಗುತ್ತದೆ, ಗಟ್ಟಿ ಜಾತಿಯದು ಉಳಿದುಕೊಳ್ಳುತ್ತದೆ. ಅಂಥ ಒಂದು ಯೀಸ್ಟ್ ಮೊಗ್ಗು ಬಿಟ್ಟು ಬೆಳೆಯುವುದಿಲ್ಲ, ನಡುವೆ ಸೀಳಿ ಎರಡಾಗುತ್ತದೆ. ಅದರ ಹೆಸರು ಸ್ಕಿಜೋಸ್ಯಾಕರೋಮೈಸಿಸ್ ಪೋಂಬೆ. ಪೋಂಬೆ ಅಂದರೆ ಪೂರ್ವ ಆಫ್ರಿಕಾದ ಭಾಷೆಯಲ್ಲಿ ಬಿಯರ್.

ಎರಡನೆಯದು ‘ಮಕ್’. ಕೆಸರು ಅಂತಲೇ ಅರ್ಥ. ನೆಲದ ಗುಂಡಿಯಲ್ಲಿ ಡಂಡರ್, ತೊಟ್ಟಿ ತಳದ ಗಸಿ, ಕಬ್ಬಿನ ಸಿಪ್ಪೆ ಎಲ್ಲ ಸೇರಿ ತಿಂಗಳುಗಟ್ಟಲೆ ಕೊಳೆಯುತ್ತದೆ. ಬ್ಯಾಕ್ಟೀರಿಯಾ ಜೀವಂತ ಇರುವುದು ಇಲ್ಲಿ. ಗುಂಡಿಗೆ ಸತ್ತ ಬಾವಲಿ, ಮೇಕೆ ತಲೆ ಹಾಕುತ್ತಾರೆ ಅಂತ ಕಥೆಗಳಿವೆ. ಅವೆಲ್ಲ ಬಾಯಿಂದ ಬಾಯಿಗೆ ಬೆಳೆದ ಕಥೆಗಳು, ನಂಬಬೇಡಿ. ಮಕ್ ನೇರವಾಗಿ ಬಾಟಲಿಗೆ ಬರುವುದೂ ಇಲ್ಲ. ತೊಟ್ಟಿಯಲ್ಲಿ ಹುಳಿಯುವ ರಸಕ್ಕೆ ಅಳತೆ ಪ್ರಕಾರ ಸೇರಿಸುತ್ತಾರೆ. ಆಮೇಲೆ ಅದೆಲ್ಲ ಕುದಿದು, ಆವಿಯಾಗಿ, ತಣಿದು ಬರುತ್ತದೆ.

ಈಗ ಮುಖ್ಯ ವಿಷಯ. ಆಮ್ಲ ಮತ್ತು ಮದ್ಯಸಾರ ಸೇರಿದರೆ ಎಸ್ಟರ್ ಮತ್ತು ನೀರು ಆಗುತ್ತವೆ. ಎಸ್ಟರ್ ಅಂದರೇನೇ ಹಣ್ಣಿನ ವಾಸನೆಯ ರಾಸಾಯನಿಕ. ಬ್ಯುಟಿರಿಕ್ ಆಮ್ಲ ಅನಾನಸ್ ಆಗುವುದು ಹೀಗೆ. ಅಸಿಟಿಕ್ ಆಮ್ಲದಿಂದ ಎಥೈಲ್ ಅಸಿಟೇಟ್ ಬರುತ್ತದೆ. ನೀವು ಹೇಳಿದ ನೇಲ್ ಪಾಲಿಶ್ ವಾಸನೆ ಅದೇ. ಬಾಳೆಹಣ್ಣಿನ ವಾಸನೆ ಐಸೋಅಮೈಲ್ ಅಸಿಟೇಟ್‌ದು. ನಿಜವಾದ ಹಣ್ಣುಗಳಲ್ಲೂ ಇವೇ ಎಸ್ಟರ್‌ಗಳಿವೆ. ಹಾಗಾಗಿ ನಿಮ್ಮ ಮೂಗು ಸುಳ್ಳು ಹೇಳಲಿಲ್ಲ.

ಜಮೈಕಾದವರು ಎಸ್ಟರ್ ಲೆಕ್ಕ ಇಡುತ್ತಾರೆ. ನೂರು ಲೀಟರ್ ಶುದ್ಧ ಮದ್ಯಸಾರಕ್ಕೆ ಎಷ್ಟು ಗ್ರಾಂ ಎಸ್ಟರ್ ಅನ್ನುವುದು ಅಳತೆ. ಹಾಂಪ್‌ಡೆನ್ ತನ್ನ ರಮ್‌ಗಳನ್ನು ಈ ಲೆಕ್ಕದ ಮೇಲೆ ಎಂಟು ‘ಮಾರ್ಕ್’, ಅಂದರೆ ದರ್ಜೆಗಳಾಗಿ ವಿಂಗಡಿಸಿದೆ. ಹಿಂದೆ ಪೀಪಾಯಿ ಮೇಲೆ ಬರೆಯುತ್ತಿದ್ದ ಗುರುತುಗಳೇ ಈಗಲೂ ಹೆಸರುಗಳು. ತೀರಾ ಹಗುರವಾದದ್ದು ಓಡಬ್ಲ್ಯುಎಚ್, 40ರಿಂದ 80 ಗ್ರಾಂ. ನಡುವೆ ಎಲ್‌ಆರ್‌ಓಕೆ, 200ರಿಂದ 400. ತುದಿಯಲ್ಲಿ ಡಿಓಕೆ, 1500ರಿಂದ 1600. ಅಷ್ಟು ಎಸ್ಟರ್ ಇರುವ ಡಿಓಕೆಯನ್ನು ಹೆಚ್ಚಾಗಿ ಬೇರೆ ರಮ್‌ಗೆ ಹನಿ ಹನಿಯಾಗಿ ಬೆರೆಸಲು, ಮಿಠಾಯಿ, ಕೇಕ್‌ಗಳಿಗೆ ಪರಿಮಳ ಕೊಡಲು ಬಳಸುತ್ತಾರೆ. ಬರಿದೇ ಕುಡಿದರೆ ಬಣ್ಣದ ಡಬ್ಬಿ ತೆರೆದ ಹಾಗೆ ಇರುತ್ತದೆ.

ಇಷ್ಟೊಂದು ತೀವ್ರವಾದ ರಮ್ ಯಾಕೆ ಮಾಡಲು ಶುರು ಮಾಡಿದರು? ಜರ್ಮನಿಯ ತೆರಿಗೆಯಿಂದ. 19ನೇ ಶತಮಾನದ ಕೊನೆಗೆ ಜರ್ಮನಿ ಹೊರಗಿನ ರಮ್ ಮೇಲೆ ಭಾರೀ ಸುಂಕ ಹಾಕಿತು. ಆಗ ಅಲ್ಲಿನ ವ್ಯಾಪಾರಿಗಳು ಸ್ವಲ್ಪವೇ ತರಿಸಿ ತಮ್ಮ ಅಗ್ಗದ ಸ್ಪಿರಿಟ್‌ಗೆ ಬೆರೆಸಿದರೂ ರಮ್ ವಾಸನೆ ಬರಬೇಕು ಅಂತ ಕೇಳಿದರು. ಜಮೈಕಾದವರು ಮಾಡಿಕೊಟ್ಟರು. ಜರ್ಮನಿಯಲ್ಲಿ ಆ ಬೆರಕೆಯನ್ನು ರಮ್ ಫೆರ್‌ಶ್ನಿಟ್ ಅನ್ನುತ್ತಾರೆ, ಅಲ್ಲಿನ ಫ್ಲೆನ್ಸ್‌ಬುರ್ಗ್ ಊರಿನಲ್ಲಿ ಇದರ ವ್ಯಾಪಾರ ಜೋರಾಗಿತ್ತು. ಹೀಗೆ ಬೇರೆಯವರಿಗೆ ಬೆರಕೆ ಸರಕಾಗಿಯೇ ಶತಮಾನಕ್ಕಿಂತ ಜಾಸ್ತಿ ಕಾಲ ಕಳೆದ ಹಾಂಪ್‌ಡೆನ್, ತನ್ನ ತೋಟದಲ್ಲೇ ಮಾಗಿಸಿದ ರಮ್ ಅನ್ನು ತನ್ನದೇ ಹೆಸರಿನಲ್ಲಿ ಮಾರಲು ಶುರು ಮಾಡಿದ್ದು 2018ರಲ್ಲಿ. ನನಗೆ ಇದು ದೊಡ್ಡ ವಿಷಯ ಅನ್ನಿಸುತ್ತದೆ.

ಇನ್ನು ಭಟ್ಟಿ. ಪಾಟ್ ಸ್ಟಿಲ್ ಅಂದರೆ ತಾಮ್ರದ ದೊಡ್ಡ ಹಂಡೆ. ಕಾಲಂ ಸ್ಟಿಲ್‌ಗೆ ಒಂದು ಕಡೆಯಿಂದ ರಸ ಹೋಗುತ್ತಲೇ ಇರುತ್ತದೆ, ಇನ್ನೊಂದು ಕಡೆಯಿಂದ ಸ್ಪಿರಿಟ್ ಬರುತ್ತಲೇ ಇರುತ್ತದೆ. ಹಂಡೆ ಹಾಗಲ್ಲ. ತುಂಬಬೇಕು, ಕುದಿಸಬೇಕು, ಇಳಿಸಬೇಕು, ತೊಳೆಯಬೇಕು, ಮತ್ತೆ ತುಂಬಬೇಕು. ‘ಬ್ಯಾಚ್’ ಅನ್ನುವ ಮಾತಿಗೆ ನಿಜವಾದ ಅರ್ಥ ಇರುವುದು ಇಲ್ಲಿ.

ಜಮೈಕಾದ ಹಂಡೆಯ ಪಕ್ಕದಲ್ಲಿ ಎರಡು ಚಿಕ್ಕ ತಾಮ್ರದ ಪಾತ್ರೆಗಳಿರುತ್ತವೆ. ಅವಕ್ಕೆ ರಿಟಾರ್ಟ್ ಅನ್ನುತ್ತಾರೆ. ಮೊದಲನೆಯದರಲ್ಲಿ ಹಿಂದಿನ ಸಲ ಉಳಿದ, ಸುಮಾರು ಶೇ. 30ರ ಮಂದ ಸ್ಪಿರಿಟ್. ಎರಡನೆಯದರಲ್ಲಿ ಸುಮಾರು ಶೇ. 75ರ ಖಾರ ಸ್ಪಿರಿಟ್. ಹಂಡೆಯ ಆವಿ ಮೊದಲನೆಯದರೊಳಗೆ ಗುಳುಗುಳು ಅಂತ ನುಗ್ಗಿ ಅದನ್ನೂ ಕುದಿಸುತ್ತದೆ. ಅಲ್ಲಿಂದ ಎದ್ದ ಆವಿ ಎರಡನೆಯದಕ್ಕೆ. ಕೊನೆಗೆ ತಣಿದು ಹೊರಬರುವಾಗ ಶೇ. 85ರ ಆಸುಪಾಸು. ಒಂದೇ ಬೆಂಕಿಯಲ್ಲಿ ಮೂರು ಸಲ ಭಟ್ಟಿ ಇಳಿಸಿದ ಹಾಗೆ. ಆ ಬಿಸಿಯಲ್ಲಿ ಆಮ್ಲ, ಮದ್ಯಸಾರ ಇನ್ನಷ್ಟು ಬೆರೆತು ಎಸ್ಟರ್ ಜಾಸ್ತಿಯಾಗುತ್ತದೆ. ತಾಮ್ರವೂ ಸುಮ್ನೆ ಇರುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆ ಕೊಡುವ ಗಂಧಕವನ್ನು ಹಿಡಿದುಕೊಳ್ಳುತ್ತದೆ.

ಆಮೇಲೆ ಬರುವುದು ‘ಕಟ್’, ಅಂದರೆ ಎಲ್ಲಿಂದ ಎಲ್ಲಿಯವರೆಗೆ ಹಿಡಿಯಬೇಕು ಅನ್ನುವುದು. ಮೊದಲು ಬರುವುದು ತಲೆ. ಅಸಿಟಾಲ್ಡಿಹೈಡ್, ಜಾಸ್ತಿ ಎಥೈಲ್ ಅಸಿಟೇಟ್. ಮೂಗು ಚುರ್ರ್ ಅನ್ನುತ್ತದೆ. ನಡುವಿನದು ಹೃದಯ, ಅದೇ ರಮ್. ಕೊನೆಯದು ಬಾಲ. ಮಾಪಕದ ಅಂಕಿ ಒಂದು ಕಡೆ ಇರಲಿ, ನಾನು ಕಂಡ ಒಳ್ಳೆಯ ಕೆಲಸಗಾರರೆಲ್ಲ ಹನಿಯನ್ನು ಅಂಗೈ ಮೇಲೆ ಹಿಡಿಯುತ್ತಾರೆ. ಎರಡೂ ಕೈ ಉಜ್ಜಿ, ಮದ್ಯಸಾರ ಹಾರಿಹೋಗಲು ಮೂರು ನಾಲ್ಕು ಸೆಕೆಂಡ್ ಬಿಟ್ಟು, ಮೂಗಿಗೆ ಹಿಡಿಯುತ್ತಾರೆ. ಹಣ್ಣಿನ ವಾಸನೆ ಹೋಗಿ ಒದ್ದೆ ರಟ್ಟಿನ, ಒದ್ದೆ ನಾಯಿಯ ವಾಸನೆ ಶುರುವಾಯಿತು ಅಂದರೆ ತಕ್ಷಣ ಪೈಪ್ ತಿರುಗಿಸುತ್ತಾರೆ. ಎರಡು ನಿಮಿಷ ತಡವಾದರೂ ಆ ಬ್ಯಾಚಿನಲ್ಲಿ ಗೊತ್ತಾಗುತ್ತದೆ. ತಲೆ, ಬಾಲ ಬಿಸಾಡುವುದಿಲ್ಲ. ಹೆಚ್ಚಿನ ಪಾಲು ಮುಂದಿನ ಬ್ಯಾಚಿನ ರಿಟಾರ್ಟ್‌ಗೆ ಹೋಗುತ್ತದೆ. ಡಂಡರ್ ಮುಂದಿನ ತೊಟ್ಟಿಗೆ ಹೋಗುತ್ತದೆ. ಹೀಗೆ ಪ್ರತಿ ಬ್ಯಾಚಿನಲ್ಲೂ ಹಿಂದಿನದರ ಒಂದು ಪಾಲು ಇದ್ದೇ ಇರುತ್ತದೆ.

ಎಲ್ಲ ಒಳ್ಳೆ ರಮ್ ಜಮೈಕಾದ್ದೇ ಆಗಬೇಕು, ಹಂಡೆಯದ್ದೇ ಆಗಬೇಕು ಅಂತೇನಿಲ್ಲ. ಫ್ರೆಂಚ್ ಆಡಳಿತದ ಮಾರ್ಟಿನಿಕ್ ದ್ವೀಪದಲ್ಲಿ ಕಾಕಂಬಿ ಬಿಟ್ಟು ತಾಜಾ ಕಬ್ಬಿನ ಹಾಲಿನಿಂದಲೇ ಮಾಡುತ್ತಾರೆ. 1996ರಿಂದ ಅದಕ್ಕೆ ಫ್ರಾನ್ಸಿನ ವೈನ್‌ಗಳಿಗೆ ಇರುವಂಥ ಕಟ್ಟುನಿಟ್ಟಿನ ಮಾನ್ಯತೆ ಇದೆ. ಅಲ್ಲಿ ಬಳಸುವುದು ಕಾಲಂ. ಆದರೆ ಶೇ. 65ರಿಂದ 75ಕ್ಕೇ ನಿಲ್ಲಿಸುತ್ತಾರೆ, ಹಾಗಾಗಿ ಹಸಿ ಕಬ್ಬಿನ ವಾಸನೆ ಉಳಿಯುತ್ತದೆ. ಆಲೆಮನೆ ಮುಂದೆ ಹೋದರೆ ಬರುವ ವಾಸನೆ ನಿಮಗೆ ಗೊತ್ತಿರುತ್ತದಲ್ವಾ? ಅದಕ್ಕೆ ಬಹಳ ಹತ್ತಿರ.

ಮರದ ಪೀಪಾಯಿ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನಾನು ಸ್ವಲ್ಪದರಲ್ಲಿ ಮುಗಿಸುತ್ತೇನೆ. ಹೆಚ್ಚಾಗಿ ಬಳಸುವುದು ಅಮೆರಿಕದ ಬರ್ಬನ್ ವಿಸ್ಕಿ ಇಟ್ಟಿದ್ದ, ಸುಮಾರು 200 ಲೀಟರಿನ ಓಕ್ ಪೀಪಾಯಿ. ಬರ್ಬನ್‌ಗೆ ಪ್ರತಿ ಸಲ ಹೊಸ ಪೀಪಾಯಿಯೇ ಬೇಕು ಅಂತ ಅಲ್ಲಿ ಕಾನೂನು. ಹಾಗಾಗಿ ಹಳೆಯವು ಎಲ್ಲರಿಗೂ ಸಿಗುತ್ತವೆ. ಒಳಗೆ ಸುಟ್ಟ ಮರದಿಂದ ವೆನಿಲ್ಲಾ, ತೆಂಗಿನಕಾಯಿ ವಾಸನೆ, ಬಣ್ಣ ಬರುತ್ತವೆ. ಬಿಸಿ ಊರಿನಲ್ಲಿ ಇದೆಲ್ಲ ಬೇಗ ಆಗುತ್ತದೆ, ಆದರೆ ಆವಿಯಾಗುವುದೂ ಜಾಸ್ತಿ. ಸ್ಕಾಟ್ಲೆಂಡ್‌ನಲ್ಲಿ ವರ್ಷಕ್ಕೆ ಶೇ. 2 ಹೋದರೆ ಕೆರಿಬಿಯನ್‌ನಲ್ಲಿ ಶೇ. 6ರ ಹತ್ತಿರ ಹೋಗುತ್ತದೆ. ಬೆಂಗಳೂರಿನಲ್ಲಿ ಅಮೃತ್ ಡಿಸ್ಟಿಲರೀಸ್‌ನವರು ಹೇಳುವ ಲೆಕ್ಕ ಶೇ. 10ರಿಂದ 12. ವರ್ಷಕ್ಕೆ ಶೇ. 6 ಅಂತಲೇ ಹಿಡಿಯಿರಿ. 200 ಲೀಟರ್ ಇಟ್ಟರೆ 12 ವರ್ಷಕ್ಕೆ ಉಳಿಯುವುದು ಸುಮಾರು 95 ಲೀಟರ್. ನೀವು ಕೇಳಿದ ಬೆಲೆಯ ಒಂದು ಭಾಗ ಹೀಗೆ ಗಾಳಿಗೆ ಹೋಗಿರುತ್ತದೆ. ಇನ್ನೊಂದು ಭಾಗ ಹುಳಿಯುವ ತೊಟ್ಟಿಗೆ ಕೊಟ್ಟ ದಿನಗಳದು. ನಮ್ಮವರು ಹತ್ತು ಸಲ ತುಂಬಿಸಿ ಖಾಲಿ ಮಾಡುವಷ್ಟರಲ್ಲಿ ಅವರ ತೊಟ್ಟಿ ಒಂದೇ ಸಲ ಖಾಲಿಯಾಗುತ್ತದೆ. ಸಕ್ಕರೆಯ ಒಂದು ಪಾಲು ಮದ್ಯಸಾರವಾಗದೆ ಆಮ್ಲವಾಗುವುದರಿಂದ ಇಳುವರಿಯೂ ಕಡಿಮೆ.

ಆದರೆ ಒಂದು ಎಚ್ಚರಿಕೆ. ‘ಸ್ಮಾಲ್ ಬ್ಯಾಚ್’ ಅನ್ನುವ ಮಾತಿಗೆ ಎಲ್ಲ ಕಡೆ ಒಪ್ಪಿದ ಕಾನೂನಿನ ಅರ್ಥ ಇಲ್ಲ. ಐದು ಪೀಪಾಯಿ ಬೆರೆಸಿದವರೂ ಬರೆಯಬಹುದು, ಐನೂರು ಪೀಪಾಯಿ ಬೆರೆಸಿದವರೂ ಬರೆಯಬಹುದು. ‘ಪ್ರೀಮಿಯಂ’ ಅನ್ನುವುದೂ ಅಷ್ಟೇ. ನಾನು ಲೇಬಲ್ ಮೇಲೆ ಹುಡುಕುವುದು ಬೇರೆ. ಯಾವ ಡಿಸ್ಟಿಲರಿ ಅಂತ ಹೆಸರು ಇದೆಯಾ? ಹಂಡೆಯಾ, ಕಾಲಮ್ಮಾ, ಎರಡರ ಮಿಶ್ರಣವಾ? ವಯಸ್ಸು ಬರೆದಿದ್ದರೆ ಅದು ಮಿಶ್ರಣದಲ್ಲಿರುವ ಅತಿ ಕಿರಿಯ ರಮ್‌ನದಾ? ಬರಿಯ ಒಂದು ದೊಡ್ಡ ಅಂಕಿ ಇದ್ದು ‘ವರ್ಷ’ ಅನ್ನುವ ಪದವೇ ಇಲ್ಲದಿದ್ದರೆ ನಾನು ಆ ಅಂಕಿಯನ್ನು ವಯಸ್ಸು ಅಂತ ತೆಗೆದುಕೊಳ್ಳುವುದಿಲ್ಲ. ಬಣ್ಣವನ್ನಂತೂ ನೋಡುವುದೇ ಇಲ್ಲ. ಕ್ಯಾರಮೆಲ್ ಹಾಕಿದರೆ ಒಂದೇ ದಿನದಲ್ಲಿ ಎಷ್ಟು ಕಪ್ಪು ಬೇಕೋ ಅಷ್ಟು ಕಪ್ಪಾಗುತ್ತದೆ.

ಸಕ್ಕರೆ ಬೆರೆಸುವುದೂ ಇದೆ. ಯುರೋಪಿನಲ್ಲಿ ಈಗಿನ ನಿಯಮದ ಪ್ರಕಾರ ಲೀಟರಿಗೆ 20 ಗ್ರಾಂವರೆಗೆ ರಮ್‌ಗೆ ಸಿಹಿ ಸೇರಿಸಬಹುದು. ಬಾರ್ಬಡೋಸ್‌ನ ಫೋರ್‌ಸ್ಕ್ವೇರ್ ಡಿಸ್ಟಿಲರಿಯ ರಿಚರ್ಡ್ ಸೀಲ್ ಇಂಥ ಬೆರಕೆಯ ವಿರುದ್ಧ ವರ್ಷಗಳಿಂದ ದನಿ ಎತ್ತುತ್ತಿದ್ದಾರೆ. ನಾನು ಪೂರ್ತಿ ಅವರ ಕಡೆ. ಎರಡು ವಾರ ಕಾದು ಮಾಡಿದ ಪರಿಮಳದ ಪಕ್ಕದಲ್ಲೇ, ಒಂದು ಚಮಚ ಸಕ್ಕರೆಯಿಂದ ನಯ ಮಾಡಿದ್ದು ಅದೇ ಬೆಲೆಗೆ ಕೂತರೆ ಕಷ್ಟಪಟ್ಟವರಿಗೆ ಅನ್ಯಾಯ ಅಲ್ವಾ? ಪರೀಕ್ಷೆ ಮಾಡುವುದು ಸುಲಭ. ಶೇ. 40 ಅಂತ ಬರೆದ ರಮ್‌ಗೆ 20 ಡಿಗ್ರಿಯಲ್ಲಿ ಆಲ್ಕೋಹಾಲ್ ಮಾಪಕ ಇಳಿಬಿಡಿ. ಏನೂ ಬೆರೆಸದಿದ್ದರೆ 40ರ ಹತ್ತಿರವೇ ತೋರಿಸುತ್ತದೆ. ಲೀಟರಿಗೆ 20 ಗ್ರಾಂ ಸಕ್ಕರೆ ಇದ್ದರೆ 35ರ ಆಸುಪಾಸು ತೋರಿಸುತ್ತದೆ. ಮಾಪಕ ಇಲ್ಲದಿದ್ದರೆ ಒಂದೆರಡು ಹನಿ ಅಂಗೈಗೆ ಹಾಕಿ ಉಜ್ಜಿ ಒಣಗಲು ಬಿಡಿ. ಅಂಟಂಟಾದರೆ ಸಿಹಿ ಸೇರಿದೆ ಅಂತ ಅನುಮಾನ ಪಡಬಹುದು.

ಇನ್ನು ನಿಮ್ಮ ಬೆಲ್ಲದ ಪ್ರಶ್ನೆ. ಮನೆಯಲ್ಲಿ ಮಾಡಬೇಡಿ. ಲೈಸೆನ್ಸ್ ಇಲ್ಲದೆ ಭಟ್ಟಿ ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಶೇ. 85ರ ಆವಿ ಸೋರಿದರೆ ಒಂದು ಕಿಡಿ ಸಾಕು, ಅಡುಗೆಮನೆಯೇ ಹೊತ್ತಿಕೊಳ್ಳುತ್ತದೆ. ಇಂಥ ಬೆಂಕಿ ಅಪಘಾತದ ಗುರುತು ಕೈ ಮೇಲೆ ಇರುವವರನ್ನು ನಾನು ನೋಡಿದ್ದೇನೆ.

ಆದರೆ ಬೆಲ್ಲದಿಂದ ಒಳ್ಳೆ ರಮ್ ಥರದ ಮದ್ಯ ಆಗುತ್ತದಾ ಅಂದರೆ, ಖಂಡಿತ ಆಗುತ್ತದೆ. ಬೆಲ್ಲದಲ್ಲಿ ಸಕ್ಕರೆ ಹರಳು ಬೇರೆ ಮಾಡಿರುವುದಿಲ್ಲ. ಕಬ್ಬಿನ ಹಾಲಿನಲ್ಲಿ ಇದ್ದದ್ದು ಬಹುತೇಕ ಅಲ್ಲೇ ಇರುತ್ತದೆ. ಜೊತೆಗೆ ಕೊಪ್ಪರಿಗೆಯಲ್ಲಿ ಕಾದಾಗ ಬರುವ ಆ ಹುರಿದ ಘಮ. ಅಮೃತ್‌ನವರ ಟೂ ಇಂಡೀಸ್ ಅನ್ನುವ ರಮ್‌ನಲ್ಲಿ ಬೆಲ್ಲದಿಂದ ಹಂಡೆಯಲ್ಲಿ ಇಳಿಸಿದ ಸ್ಪಿರಿಟ್ ಇದೆ. ಅದರ ಜೊತೆ ಜಮೈಕಾ, ಬಾರ್ಬಡೋಸ್, ಗಯಾನಾದ ರಮ್ ಸೇರಿಸಿದ್ದಾರೆ. ಬೆಲ್ಲದ ರುಚಿ ಅದರಲ್ಲಿ ಹೇಗೆ ಬರುತ್ತದೆ ಅಂತ ಒಮ್ಮೆ ಗಮನಿಸಿ. ನನ್ನ ಆಸೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಮಂಡ್ಯದ ಆಲೆಮನೆಗಳ ಗೋಡೆ ಮೇಲೆ, ಗಾಣದ ಸಂದುಗಳಲ್ಲಿ ತಲೆಮಾರುಗಳಿಂದ ಕೂತಿರುವ ನಮ್ಮದೇ ಕಾಡು ಯೀಸ್ಟ್ ಇದೆ. ಲೈಸೆನ್ಸ್ ಇರುವ ಯಾರಾದರೂ ಅದನ್ನು ಹಿಡಿದು, ಮರದ ತೊಟ್ಟಿಯಲ್ಲಿ ಬೆಲ್ಲದ ನೀರಿಗೆ ಬಿಟ್ಟು, ಹತ್ತು ದಿನ ಕಾಯಬೇಕು. ಐದನೇ ದಿನ ಕಮಟು ವಾಸನೆ ಬಂದರೆ ಹೆದರಿ ಚೆಲ್ಲಬಾರದು.

ನಿಮ್ಮ ತಮ್ಮ ತಂದ ಬಾಟಲಿಗೆ ಬರೋಣ. ಐಸು, ಕೋಲಾ ಈಗಲೇ ಬೇಡ. ವೈನ್ ಗ್ಲಾಸಿನ ಹಾಗೆ ಕಾಲು ಇರುವ ಗ್ಲಾಸಿಗೆ ಸ್ವಲ್ಪ ಹಾಕಿ ಹದಿನೈದು ನಿಮಿಷ ಹಾಗೇ ಬಿಡಿ. ನೇಲ್ ಪಾಲಿಶ್ ವಾಸನೆ ಮೊದಲು ಹಾರಿಹೋಗುತ್ತದೆ, ಅದು ಹಗುರ. ಆಮೇಲೆ ಒಂದು ಚಮಚ ನೀರು ಸೇರಿಸಿ ಮೂಸಿ. ಅನಾನಸ್ ಮುಂದೆ ಬರುತ್ತದೆ. ಕುಡಿದ ಮೇಲೆ ಗ್ಲಾಸ್ ತೊಳೆಯದೆ ಮೇಜಿನ ಮೇಲೆ ಬಿಟ್ಟು ಮಲಗಿ. ಬೆಳಿಗ್ಗೆ ಆ ಖಾಲಿ ಗ್ಲಾಸಿಗೆ ಮೂಗು ಇಡಿ. ಮದ್ಯಸಾರ ಪೂರ್ತಿ ಹೋಗಿರುತ್ತದೆ. ತಳದಲ್ಲಿ ಹಳೆ ಮರ, ಕಪ್ಪು ಬೆಲ್ಲ, ಆಲಿವ್ ಉಪ್ಪಿನಕಾಯಿಯ ಹುಳಿ, ಮತ್ತೆ ತೀರಾ ಸಣ್ಣಗೆ ಆ ಕಮಟು ವಾಸನೆ ಸಿಗುತ್ತದೆ. ಸಿಕ್ಕರೆ ನನಗೆ ಬರೆದು ತಿಳಿಸಿ.